ಹುಲಗಪ್ಪ ಮಾಸ್ತರರ ಹೊಟ್ಟೆ ಕೆಟ್ಟ ದಿನ

ಹುಲಗಪ್ಪ ಮಾಸ್ತರರು ಜರ್ಮನಿಗೆ ಹೋಗಿ ಬಂದವರು ಎಂಬುದು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಕಲಿತು ಬಂದಿರಿ ಎಂದು ಕೇಳಿದರೆ ಯಂತ್ರಗಳ ಬಗ್ಗೆ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಆದರೆ ದ್ರಾಕ್ಷಿ ತೋಟಗಳ ನಡುವೆ ಬಸ್ಸಿನಲ್ಲಿ ಕಳೆದ ಆ ರವಿವಾರದ ಸುದ್ದಿ ತೆಗೆದರೆ ಮುಗಿಯಿತು, ಕೈಯಲ್ಲಿದ್ದ ಚಹಾ ಆರಿ ತಣ್ಣಗಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಜೊತೆ ಹೋಗಿದ್ದ ಗೌಸಮೊದ್ದೀನ ಮಾಸ್ತರರೂ ಅದೇ ಸುದ್ದಿಯನ್ನು ಹೇಳುತ್ತಿದ್ದರು. ಆದರೆ ಅವರಿಗೆ ಕೇಳುವವರು ನಗುವುದು ಮುಖ್ಯ, ಆದ್ದರಿಂದ ಹೇಳಿದಾಗಲೆಲ್ಲ ಅದು ಸ್ವಲ್ಪ ಬೆಳೆಯುತ್ತಿತ್ತು. ಇಬ್ಬರ ಮಾತು ಎಲ್ಲಿ ಕೂಡುತ್ತದೋ ಅಷ್ಟನ್ನು ಇಲ್ಲಿ ಬರೆದಿದ್ದೇನೆ. ಕೂಡದ ಕಡೆ ಹುಲಗಪ್ಪನವರನ್ನೇ ನಂಬಿದ್ದೇನೆ.

ಹುಲಗಪ್ಪನವರು ಹುಟ್ಟಿದ್ದು ಶಿರಗುಪ್ಪಿಯಲ್ಲಿ, ಊರಿನಿಂದ ಆಚೆ ಇರುವ ಕೇರಿಯಲ್ಲಿ. ತಂದೆ ಯಮನಪ್ಪ ಹೊಲದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಬಂದು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಹೊರುವ ಕೆಲಸ ಇಲ್ಲದಾಗ ಸಿಂದಿ ಕುಡಿಯುತ್ತಿದ್ದ. ಕುಡಿಯದಿದ್ದಾಗ ಅವನಂಥ ಮನುಷ್ಯನಿಲ್ಲ ಎಂದು ಕೇರಿಯವರೆಲ್ಲ ಹೇಳುತ್ತಿದ್ದರಂತೆ, ಆದರೆ ಕುಡಿಯದ ಯಮನಪ್ಪನನ್ನು ಮನೆಯವರು ಕಂಡದ್ದು ಅಪರೂಪ. ಹುಲಗಪ್ಪ ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿದ್ದಾಗಲೇ ಅವನು ತೀರಿಕೊಂಡ. ತಾಯಿ ಉಡಚವ್ವ ಮತ್ತೆ ಶಿರಗುಪ್ಪಿಯ ಹೊಲಗಳಿಗೆ ಹೋಗಿ ಕಳೆ ತೆಗೆದು ಮಗನನ್ನು ಸಾಕಿದಳು. ಮಗ ಒಂದು ವರ್ಕಶಾಪಿನಲ್ಲಿ ಕೈಕೆಲಸ ಕಲಿತ, ಫಿಟ್ಟರ್ ಆದ, ಕೊನೆಗೆ ಹುಬ್ಬಳ್ಳಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಕೈಗಾರಿಕಾ ತರಬೇತಿ ಶಾಲೆಯಲ್ಲಿ ಮಾಸ್ತರನಾದ.

ನಾಗಪುರದಲ್ಲಿ ಲಕ್ಷಾಂತರ ದಲಿತರು ಬೌದ್ಧರಾದ ಸುದ್ದಿ ಬಂದ ಮರುವರ್ಷ, ಅಂದರೆ ಐವತ್ತೇಳರಲ್ಲಿ, ಹುಲಗಪ್ಪನವರು ಹೆಂಡತಿ ಶೇವಂತೆವ್ವನನ್ನು ಕರೆದುಕೊಂಡು ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡರು. ಇಬ್ಬರೂ ಬಿಳಿ ಉಟ್ಟು ನಿಂತು ಐದು ಶೀಲಗಳನ್ನು ಹೇಳಿದರು. ಅವುಗಳಲ್ಲಿ ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು, ಐದನೆಯದು ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬುದು. ಈ ಕತೆಗೆ ಇವೆರಡೇ ಸಾಕು. ಕಬ್ಬಿಣದ ತುಂಡನ್ನು ತಿಕ್ಕಿ ನುಣುಪು ಮಾಡಿ, ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು, ಸಂದಿಯಲ್ಲಿ ಎಳೆಯಷ್ಟು ಬೆಳಕು ಕಂಡರೂ ಮತ್ತೆ ತಿಕ್ಕು ಎನ್ನುವ ಮನುಷ್ಯ ಅವರು. ಶೀಲಗಳನ್ನೂ ಹಾಗೆಯೇ ಹಿಡಿದರು. ಅದರಲ್ಲೂ ಐದನೆಯದು ಹುಬ್ಬಳ್ಳಿಯಲ್ಲಿ ಅಂಥ ಕಷ್ಟದ್ದೇನೂ ಆಗಿರಲಿಲ್ಲ, ಯಾಕೆಂದರೆ ಆಗ ನಮ್ಮ ಭಾಗದಲ್ಲಿ ದಾರೂಬಂದಿ ಇತ್ತು. ನನ್ನ ಶೀಲ ಕಾಯಲಿಕ್ಕೆ ಪೊಲೀಸರನ್ನೂ ಇಟ್ಟಿದ್ದರು ಎಂದು ಅವರೇ ನಗುತ್ತಿದ್ದರು.

ಅರವತ್ಮೂರರಲ್ಲಿ ಸರ್ಕಾರ ಅವರನ್ನೂ, ಅದೇ ಶಾಲೆಯಲ್ಲಿ ಲೇಥ್ ಯಂತ್ರ ಕಲಿಸುತ್ತಿದ್ದ ಗೌಸಮೊದ್ದೀನರನ್ನೂ ಹೊಸ ಯಂತ್ರಗಳ ತರಬೇತಿಗೆಂದು ಜರ್ಮನಿಗೆ ಕಳಿಸಿತು. ಹೊರಡುವ ಮುಂಚೆ ಶೇವಂತೆವ್ವ ರೊಟ್ಟಿ ಬಡಿಯುತ್ತ ಕೇಳಿದಳು.

"ಅಲ್ಲಿ ಮಂದಿ ನೀರಿನ ಬದಲಿ ದಾರೂನ ಕುಡೀತಾರಂತ. ಖರೇ ಏನ್ರಿ?"

"ಯಾರ ಹೇಳಿದ್ರು?"

"ಬಾಜೂ ಮನಿ ಮುರಿಗೆವ್ವ ಹೇಳಿದ್ಲು."

"ಮುರಿಗೆವ್ವ ಯಾವಾಗ ಜರ್ಮನಿಗೆ ಹೋಗಿದ್ಲು?"

"ಆಕಿ ಹೋಗಿಲ್ಲ. ನೀವೂ ಇನ್ನೂ ಹೋಗಿಲ್ಲ. ಹೋಗಿ ಬಂದು ಹೇಳ್ರಿ," ಎಂದು ಶೇವಂತೆವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ಅವರು ಹೋಗಿ ಇಳಿದದ್ದು ರೈನ್ ನದಿಯ ದಂಡೆಯಲ್ಲಿ, ಕೋಬ್ಲೆನ್ಸ್ ಹತ್ತಿರದ ಒಂದು ಊರಿನಲ್ಲಿ. ಹಿಲ್ಗರ್ಸ್ ಎಂಬ ಎತ್ತರದ ಹೆಣ್ಣುಮಗಳು ತಮ್ಮ ಮನೆಯ ಮಾಳಿಗೆಯ ಕೋಣೆಯನ್ನು ಇಬ್ಬರಿಗೂ ಬಾಡಿಗೆಗೆ ಕೊಟ್ಟಿದ್ದರು. ಗಂಡ ಯುದ್ಧಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಹಿರಿಯ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವ ಹಾಗೆ ಹುಲಗಪ್ಪನವರು ಅವರನ್ನು "ಬಾಯಾರ" ಎಂದು ಕರೆದರು. ಅದು ಹಿಂದುಸ್ತಾನದಲ್ಲಿ ದೊಡ್ಡ ಮನೆತನದವರಿಗೆ ಕೊಡುವ ಪದವಿ ಇರಬೇಕೆಂದು ತಿಳಿದು ಅವರೂ ಓ ಎಂದರು. ಭಾಷೆಯ ವಿಷಯಕ್ಕೆ ಬಂದರೆ, ಇಬ್ಬರೂ ಮಾಸ್ತರರು ತರಬೇತಿಯ ಕಾರ್ಖಾನೆಯಲ್ಲಿ ಕಲಿತ ಮೊದಲ ಜರ್ಮನ್ ಶಬ್ದ "ಕಪುಟ್". ಕೆಟ್ಟಿದೆ ಎಂದು ಅದರ ಅರ್ಥ. ಯಂತ್ರ ಕಪುಟ್, ಬೆಲ್ಟು ಕಪುಟ್, ಸಂಜೆಗೆ ಮನುಷ್ಯ ಕಪುಟ್, ಹೀಗೆ ಅದೊಂದರಿಂದಲೇ ಬಹಳ ದಿನ ಸಂಸಾರ ನಡೆಯಿತು.

ಬಾಯಾರ ಓಣಿಯವರದೊಂದು ಸಂಘ ಇತ್ತು. ವಾರಕ್ಕೊಮ್ಮೆ ಕೂಡಿ ಹಾಡುವುದು, ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಊರೂರು ನೋಡುವುದು. ಬಹಳ ಮಂದಿ ವಯಸ್ಸಾದವರು, ಅದರಲ್ಲೂ ಗಂಡನಿಲ್ಲದ ಹೆಣ್ಣುಮಕ್ಕಳೇ ಹೆಚ್ಚು. ಅಕ್ಟೋಬರ್ ತಿಂಗಳಲ್ಲಿ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಮೋಸೆಲ್ ನದಿಯ ದಂಡೆಗುಂಟ ಹೋಗುವುದೆಂದು ಆ ವರ್ಷ ಠರಾವಾಯಿತು. ಇಬ್ಬರೂ ತಮ್ಮ ಅತಿಥಿಗಳಾಗಿ ಬರಲೇಬೇಕೆಂದು ಬಾಯಾರು ಹೇಳಿದರು. ಗೌಸಮೊದ್ದೀನರಿಗೆ ಆ ಹೆಸರು ಸೇರಲಿಲ್ಲ. "ಹೆಸರಿನಾಗನ ಮೋಸ ಐತಿ, ಮಾಸ್ತರ. ನೋಡಕೋತ ಹೋಗೂಣು," ಎಂದರು.

ರವಿವಾರ ಬೆಳಿಗ್ಗೆ ಬಸ್ಸು ಬಂತು. ಚಾವಣಿಯ ಅಂಚಿಗೂ ಗಾಜು ಹಾಕಿದ, ಹಾಲಿನ ಬಣ್ಣದ ಬಸ್ಸು. ಅದು ನಿಲ್ಲುವ ಮೊದಲೇ ಗೌಸಮೊದ್ದೀನರು ಹುಬ್ಬಳ್ಳಿ ಸ್ಟ್ಯಾಂಡಿನ ರೂಢಿಯಂತೆ ಓಡಿದರು. ಎಲ್ಲರಿಗಿಂತ ಮುಂದೆ ಹತ್ತಿ, ಒಳ್ಳೆಯ ಎರಡು ಸೀಟು ನೋಡಿ ತಮ್ಮ ಮಫ್ಲರನ್ನು ಅಡ್ಡಲಾಗಿ ಹಾಸಿ, ಕಿಟಕಿಯಿಂದ ಹುಲಗಪ್ಪನವರಿಗೆ ಕೈಮಾಡಿದರು. ಉಳಿದವರೆಲ್ಲ ಕೆಳಗೆ ಸಾಲಾಗಿ ನಿಂತು ಇದನ್ನು ನೋಡುತ್ತಿದ್ದರು. ಯಾರು ಎಲ್ಲಿ ಕೂಡಬೇಕೆಂದು ಮೊದಲೇ ನಿಗದಿಯಾಗಿತ್ತು. ಮಫ್ಲರು ಬಿದ್ದ ಸೀಟು ಬ್ರಾಯರ್ ಎಂಬ ಮುದುಕನದು. ಪೋಸ್ಟಮನ್ ಆಗಿ ನಿವೃತ್ತನಾದ, ಕಿವಿ ಸ್ವಲ್ಪ ಮಂದಾದ ಮನುಷ್ಯ. ಆತ ತನ್ನ ಸೀಟಿಗೆ ಧೂಳು ಹತ್ತಬಾರದೆಂದು ಹಾಸಿದ್ದಾರೆ ಎಂದುಕೊಂಡು, ಮಫ್ಲರನ್ನು ನೀಟಾಗಿ ಮಡಚಿ ಗೌಸಮೊದ್ದೀನರ ಕೈಗೆ ಕೊಟ್ಟು, ಕೈ ಕುಲುಕಿ ಉಪಕಾರ ಸ್ಮರಿಸಿದ.

ಬಸ್ಸು ಊರು ದಾಟಿತ್ತೋ ಇಲ್ಲವೋ, ಹಿಂದಿನಿಂದ ಒಂದು ಬುಟ್ಟಿ ಬಂತು. ಅದರಲ್ಲಿ ಒಂದು ಬಾಟಲಿ, ಹೆಬ್ಬೆರಳಿನಷ್ಟು ಸಣ್ಣ ಸಣ್ಣ ಗ್ಲಾಸುಗಳು. ಎಲ್ಲರೂ ಒಂದೊಂದು ಗುಟುಕು ಎತ್ತಿ ಮುಂದೆ ಸಾಗಿಸುತ್ತಿದ್ದರು. ಗೌಸಮೊದ್ದೀನರು ತಾವು ಮುಸಲ್ಮಾನರೆಂದು ಹೇಳಿದರು. ಎಲ್ಲರಿಗೂ ಅದು ಗೊತ್ತಿತ್ತು, ತಲೆಯಾಡಿಸಿ ಬಿಟ್ಟುಬಿಟ್ಟರು. ಬುಟ್ಟಿ ಹುಲಗಪ್ಪನವರ ಮುಂದೆ ನಿಂತಿತು. ಅವರು ಎದೆಯ ಮೇಲೆ ಕೈಯಿಟ್ಟು ತಾವು ಬೌದ್ಧರೆಂದು ಹೇಳಿದರು.

ಇದು ಯಾರಿಗೂ ತಿಳಿಯಲಿಲ್ಲ. ಬ್ರಾಯರ್ ಮುದುಕ ಕಿವಿಗೆ ಕೈಹಚ್ಚಿ ಎರಡು ಸಲ ಕೇಳಿಸಿಕೊಂಡ. ಆಮೇಲೆ ಅವನ ಮುಖ ಅರಳಿತು. ಬುದ್ಧ ತನಗೆ ಚೆನ್ನಾಗಿ ಗೊತ್ತು, ತಮ್ಮ ಮನೆಯ ರೇಡಿಯೋದ ಮೇಲೆ ಚೀನಿಮಣ್ಣಿನ ಬುದ್ಧ ಇದ್ದಾನೆ, ಎರಡೂ ಕೈ ಮೇಲೆತ್ತಿ ನಗುತ್ತಿದ್ದಾನೆ, ಹೊಟ್ಟೆ ಇಷ್ಟು ದೊಡ್ಡದು ಎಂದು ತನ್ನ ಹೊಟ್ಟೆಯ ಮುಂದೆ ಗಾಳಿಯಲ್ಲಿ ಒಂದು ಗುಡಾಣ ಬರೆದು ತೋರಿಸಿದ. ಅಂಥವನು ಕುಡಿಯುವುದಿಲ್ಲ ಎಂದರೆ ತಾನು ನಂಬುವುದಿಲ್ಲ ಎಂದ. ಹುಲಗಪ್ಪನವರು ಅದು ಬುದ್ಧನಲ್ಲ, ಬೇರೆ ಯಾರೋ ಎಂದು ತಿಳಿಸಲು ನೋಡಿದರು. ಅದಕ್ಕೆ ಬೇಕಾದಷ್ಟು ಜರ್ಮನ್ ಅವರಲ್ಲಿರಲಿಲ್ಲ. ಮುದುಕ ಗ್ಲಾಸನ್ನು ಅವರ ತುಟಿಯ ಹತ್ತಿರಕ್ಕೇ ತಂದ.

ಆಗ ಗೌಸಮೊದ್ದೀನರು ಗೆಳೆಯನನ್ನು ಉಳಿಸಲೆಂದು ಎದ್ದು ನಿಂತು, ಹುಲಗಪ್ಪನವರ ಹೊಟ್ಟೆಯ ಕಡೆ ಬೆರಳು ಮಾಡಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದರು: ಹೊಟ್ಟೆ ಕಪುಟ್.

ಬಸ್ಸಿಗೆ ಬಸ್ಸೇ ಅಯ್ಯೋ ಎಂದಿತು. ಗ್ಲಾಸು ಹಿಂದೆ ಹೋಯಿತು. ಹುಲಗಪ್ಪನವರು ಒಂದು ಕ್ಷಣ ಹಗುರಾದರು. ಅಷ್ಟರಲ್ಲಿ ಖಟ್ ಖಟ್ ಎಂದು ಸದ್ದು ಕೇಳಿಬಂತು. ಬಸ್ಸಿನ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಕೈಚೀಲ ತೆರೆಯುತ್ತಿದ್ದರು. ಒಬ್ಬೊಬ್ಬರ ಚೀಲದಲ್ಲೂ ಹೊಟ್ಟೆಗೆ ಒಂದೊಂದು ಔಷಧ. ಬಿಳಿ ಗುಳಿಗೆ, ಹಳದಿ ಪುಡಿ, ಜಗಿಯುವ ಬೇರು. ಒಬ್ಬ ಅಜ್ಜಿ ಕರಿಯ ಕಷಾಯದ ಸೀಸೆ ಹಿಡಿದು ಎದ್ದೇ ಬಂದಳು. ಕಾಡಿನ ನಾನಾ ಬೇರುಗಳಿಂದ ಮಾಡಿದ್ದು, ತನ್ನ ಗಂಡ ಸಾಯುವವರೆಗೂ ಇದನ್ನೇ ಕುಡಿದ ಎಂದು ಭರವಸೆ ಕೊಟ್ಟಳು. ಹುಲಗಪ್ಪನವರು ಮೂಸಿ ನೋಡಿದರು. ಬೇರಿನ ವಾಸನೆ ಇತ್ತು, ಅದರ ಕೆಳಗೆ ದಾರೂ ಇತ್ತು. ಬೇಡವೆಂದರು. ಔಷಧವನ್ನೂ ಬೇಡವೆನ್ನುವಷ್ಟು ಕೆಟ್ಟಿದೆಯೇ ಹೊಟ್ಟೆ ಎಂದು ಅಜ್ಜಿಯ ಕಣ್ಣಲ್ಲಿ ನೀರು ಬಂತು.

"ಗೌಸಭಾಯಿ, ಇದೇನ ಮಾಡಿದ್ರಿ ನೀವು?" ಎಂದು ಹುಲಗಪ್ಪನವರು ಮೆಲ್ಲಗೆ ಕೇಳಿದರು.

"ನಿಮ್ಮ ಶೀಲ ಉಳಿಸಿದ್ನಿರಿ, ಮಾಸ್ತರ."

"ಐದನೇದ ಉಳಿಸಿದ್ರಿ. ನಾಕನೇದ ಹೋತಲ್ಲರಿ."

"ಸುಳ್ಳು ಹೇಳಿದಾಂವ ನಾನು. ನಿಮ್ಮ ನಾಕನೇದಕ್ಕ ಏನಾಗೇತಿ? ಸುಮ್ನ ಕುಂದರ್ರಿ."

ಹುಲಗಪ್ಪನವರು ಸುಮ್ಮನೆ ಕೂತರು. ಕೂತದ್ದೇ ತಪ್ಪಾಯಿತು ಎಂದು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು.

ನದಿ ಬಂತು. ಹಾವಿನಂತೆ ಹೊರಳಿ ಹೊರಳಿ ಹರಿಯುವ ಸಣ್ಣ ನದಿ, ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ಹುಲಗಪ್ಪನವರು ಹೊಟ್ಟೆಯ ಚಿಂತೆ ಮರೆತು ಗಾಜಿಗೆ ಮುಖ ಹಚ್ಚಿದರು. ನಮ್ಮ ಉಣಕಲ್ಲ ಗುಡ್ಡ ಅದರ ಮುಂದೆ ಅಂಗಳ ಎಂದು ಅವರು ಹೇಳುತ್ತಿದ್ದರು. ಗೋಡೆಯಂತೆ ನಿಂತ ಏರಿನಲ್ಲಿ, ಕಾಲಿಟ್ಟರೆ ಜಾರುವ ಕಲ್ಲಿನ ಚೂರುಗಳ ನಡುವೆ, ಕೋಲಿಗೊಂದರಂತೆ ಬಳ್ಳಿ. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು. ಗಂಡಸರು ಬೆನ್ನಿಗೆ ಉದ್ದನೆಯ ದೋಣಿಯಂಥ ಬುಟ್ಟಿ ಕಟ್ಟಿಕೊಂಡು ಹೊತ್ತು ಇಳಿಯುತ್ತಿದ್ದರು. ಅಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿ, ಬೆನ್ನ ಹಿಂದೆ ಕೈ ಇಟ್ಟುಕೊಂಡು ಬಸ್ಸನ್ನು ನೋಡುತ್ತ ನಿಂತಳು. ಉಡಚವ್ವ ಸಾಲು ಮುಗಿಸಿ ನಿಲ್ಲುತ್ತಿದ್ದುದು ಹಾಗೆಯೇ. ಹುಲಗಪ್ಪನವರು ಆಕೆಗೆ ಕೈಮುಗಿದರು. ಆಕೆ ಕತ್ತರಿ ಹಿಡಿದ ಕೈಯನ್ನು ಮೇಲೆತ್ತಿದಳು.

ಮಧ್ಯಾಹ್ನದ ಊಟ ನದಿಯ ದಂಡೆಯ ಒಂದು ಖಾನಾವಳಿಯಲ್ಲಿ. ಮೋಸೆಲ್ಲಿನ ಮೀನನ್ನು ಬೆಣ್ಣೆಯಲ್ಲಿ ಹುರಿದು ಬಟಾಟಿಯ ಜೊತೆ ಕೊಡುತ್ತಾರೆ ಎಂದು ಬಾಯಾರು ವಾರದಿಂದ ಹೇಳುತ್ತಿದ್ದರು. ಹಂದಿ ಮಾಂಸದ ಭಯವಿಲ್ಲದ ಊಟ ಎಂದು ಗೌಸಮೊದ್ದೀನರು, ಏನಾದರೂ ಖಾರ ಸಿಕ್ಕೀತು ಎಂದು ಹುಲಗಪ್ಪನವರು, ಇಬ್ಬರೂ ಬೆಳಿಗ್ಗೆ ನಾಷ್ಟಾವನ್ನೇ ಬಿಟ್ಟು ಬಂದಿದ್ದರು. ಎಲ್ಲರ ಮುಂದೆ ಮೀನು ಬಂತು. ಹುಲಗಪ್ಪನವರ ಮುಂದೆ ಒಂದು ಬಟ್ಟಲು ಬಂತು. ಓಟ್ಸಿನ ತೆಳು ಗಂಜಿ. ಉಪ್ಪಿಲ್ಲ. ಪಕ್ಕದಲ್ಲಿ ಒಣಗಿದ ಎರಡು ಬ್ರೆಡ್ಡಿನ ಚೂರು, ಯಾವುದೋ ಹೂವಿನ ಕಷಾಯ. ಬಾಯಾರು ಅಡುಗೆಮನೆಗೇ ಹೋಗಿ ಎದುರು ನಿಂತು ಮಾಡಿಸಿ ತಂದಿದ್ದರು. ಚಮಚೆ ಕೈಗೆ ಕೊಟ್ಟು, ಒಂದು ಚಮಚೆ ಬಾಯಿಗಿಡುವವರೆಗೂ ಕದಲಲಿಲ್ಲ.

ಗೌಸಮೊದ್ದೀನರು ತಮ್ಮ ಮೀನು ಮುಗಿಸಿದರು. ಹುಲಗಪ್ಪನವರ ಪಾಲಿನ ಮೀನೂ ಅವರ ತಾಟಿಗೇ ಬಂತು, ಅದನ್ನೂ ಮುಗಿಸಿದರು. "ಮುಳ್ಳು ಭಾಳ ಅದಾವ್ರಿ, ಮಾಸ್ತರ. ನಿಮಗ ಅಷ್ಟೇನ ಸೇರತಿರಲಿಲ್ಲ," ಎಂದು ಸಮಾಧಾನ ಹೇಳಿದರು. ಹುಲಗಪ್ಪನವರು ಗಂಜಿಯನ್ನು ನೋಡುತ್ತ ಕೂತಿದ್ದರು. ಪಕ್ಕದ ಟೇಬಲ್ಲಿನಿಂದ ಬ್ರಾಯರ್ ಮುದುಕ, ಬುದ್ಧನಿಗೂ ಒಮ್ಮೊಮ್ಮೆ ಹೀಗಾಗುತ್ತಿತ್ತೇನೋ ಎಂದು ಕನಿಕರದಿಂದ ತಲೆಯಾಡಿಸಿದ.

ಊಟದ ಮೇಲೆ ಬಸ್ಸು ಇನ್ನೊಂದು ಹಳ್ಳಿಯಲ್ಲಿ ನಿಂತಿತು. ಅಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರನ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ, ಹಸಿರು ಕಾಲಿನ ಗ್ಲಾಸುಗಳನ್ನು ಸಾಲಾಗಿ ಇಟ್ಟಿದ್ದರು. ಕೆಂಪು ಮುಖದ ಆ ಬೆಳೆಗಾರ ಒಂದೊಂದು ಬಾಟಲಿ ತೆಗೆದಾಗಲೂ ಅದು ಯಾವ ಗುಡ್ಡದ್ದು, ಆ ವರ್ಷ ಬಿಸಿಲು ಎಷ್ಟಿತ್ತು ಎಂದು ಸ್ವಂತ ಮಕ್ಕಳ ಗುಣ ಹೇಳಿದ ಹಾಗೆ ಹೇಳುತ್ತಿದ್ದ. ಎಲ್ಲರೂ ಮೂಸಿ, ತಿರುವಿ, ಗುಟುಕರಿಸಿ ಹಾಡತೊಡಗಿದರು. ಇದೇ ಮೇಜು ಹುಬ್ಬಳ್ಳಿಯಲ್ಲಿದ್ದರೆ ಇಷ್ಟು ಹೊತ್ತಿಗೆ ಫೌಜದಾರರು ಬಂದು ಎಲ್ಲರನ್ನೂ ಇದೇ ಬಸ್ಸಿನಲ್ಲಿ ತುಂಬಿ ಒಯ್ಯುತ್ತಿದ್ದರು ಎಂದು ಗೌಸಮೊದ್ದೀನರು ಕೈಸನ್ನೆಯಿಂದ ತಿಳಿಸಿದರು. ಕುಡಿದರೆ ಜೈಲಿಗೆ ಹಾಕುವ ದೇಶವೂ ಇದೆ ಎಂದು ಕೇಳಿ ಬೆಳೆಗಾರ ತಾನು ಹಿಡಿದಿದ್ದ ಗ್ಲಾಸನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಎತ್ತಿಕೊಂಡ.

ಆದರೆ ಅವನೂ ಒಳ್ಳೆಯ ಮನುಷ್ಯ. ಇಬ್ಬರು ಅತಿಥಿಗಳು ಬರಿಗೈಯಲ್ಲಿ ಕೂತದ್ದನ್ನು ನೋಡಲಾರದೆ ಒಳಗೆ ಹೋಗಿ ಒಂದು ಹೂಜಿ ತಂದ. ಇದು ವೈನ್ ಅಲ್ಲ, ಈ ವರ್ಷದ ದ್ರಾಕ್ಷಿ ಹಿಂಡಿದ ರಸ, ಬರೀ ರಸ, ಹೊಟ್ಟೆಗೆ ಬಹಳ ಹಿತ ಎಂದು ಇಬ್ಬರಿಗೂ ಸುರಿದ. ಮೋಡದಂತೆ ಮಬ್ಬಾದ, ತಿಳಿ ಹಳದಿಯ ರಸ. ಸಿಹಿ ವಾಸನೆ. ಬೆಳಗಿನಿಂದ ಎಲ್ಲರೂ ಕುಡಿಯುವುದನ್ನು ನೋಡಿ ನೋಡಿ ನೀರಡಿಸಿದ್ದ ಗೌಸಮೊದ್ದೀನರು ಬಿಸ್ಮಿಲ್ಲಾ ಎಂದು ಗ್ಲಾಸೆತ್ತಿದರು.

ಹುಲಗಪ್ಪನವರೂ ಎತ್ತಿದ್ದರು. ಆದರೆ ಗ್ಲಾಸಿನೊಳಗೆ ಏನೋ ಸಣ್ಣಗೆ ಸುಯ್ಯೆನ್ನುತ್ತಿತ್ತು. ಗುಳ್ಳೆಗಳು ಒಂದರ ಹಿಂದೊಂದು ಏರುತ್ತಿದ್ದವು. ಈ ಸದ್ದು ಅವರಿಗೆ ಗೊತ್ತಿತ್ತು. ಸಣ್ಣವರಿದ್ದಾಗ ಈಚಲ ಮರದಿಂದ ಇಳಿಸಿದ ಗಡಿಗೆಗೆ ಕಿವಿಯಿಟ್ಟು ಕೇಳಿದ್ದರು. ಬೆಳಿಗ್ಗೆ ಸಕ್ಕರೆಯಂತಿರುವ ನೀರು ಹೊತ್ತೇರಿದ ಹಾಗೆ ಹೀಗೆ ಮಾತಾಡಲು ಶುರುಮಾಡುತ್ತಿತ್ತು, ಮಧ್ಯಾಹ್ನಕ್ಕೆ ಅಪ್ಪ ಮಾತಾಡಲು ಶುರುಮಾಡುತ್ತಿದ್ದ. ಅವರು ತಮ್ಮ ಗ್ಲಾಸು ಕೆಳಗಿಟ್ಟು, ಚಕ್ಕನೆ ಕೈ ಚಾಚಿ ಗೌಸಮೊದ್ದೀನರ ಗ್ಲಾಸಿನ ಬಾಯಿ ಮುಚ್ಚಿದರು. ರಸ ಗೌಸಮೊದ್ದೀನರ ಗಡ್ಡಕ್ಕೂ ಅಂಗಿಗೂ ಸಿಡಿಯಿತು.

"ಕುಡೀಬ್ಯಾಡ್ರಿ. ಹುಳಿ ಏರೇತಿ ಅದಕ್ಕ."

ಗೌಸಮೊದ್ದೀನರು ಗ್ಲಾಸಿಟ್ಟು ಮೂರು ಸಲ ತೋಬಾ ಎಂದರು. ಹಾಡು ನಿಂತಿತು. ಇವರ ಮಾತು ಯಾರಿಗೂ ತಿಳಿದಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಹೊಟ್ಟೆ ಕೆಟ್ಟ ಮನುಷ್ಯ ತಾನೂ ಕುಡಿಯಲಿಲ್ಲ, ಕುಡಿಯುವವನ ಬಾಯಿಂದಲೂ ಕಿತ್ತುಕೊಂಡ. ಬೆಳೆಗಾರನ ಮುಖ ಇಳಿದುಹೋಯಿತು. ಕಷಾಯದ ಅಜ್ಜಿ ನಾಲಿಗೆ ಲೊಚಗುಟ್ಟಿದಳು. ಬಾಯಾರು ಎದ್ದು ಹೊರಗೆ ಹೋದರು.

ಹುಲಗಪ್ಪನವರು ಹಿಂದೆಯೇ ಹೋದರು. ಬಾಯಾರು ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದರು. ಅವರು ಸಿಟ್ಟಾಗಿರಲಿಲ್ಲ, ನೊಂದಿದ್ದರು. ಅವಸರ ಮಾಡದೆ, ಈತನಿಗೆ ತಿಳಿಯಬೇಕೆಂದು ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

"ನಿಮ್ಮ ದೇಶದಲ್ಲಿ ಕೆಲವರು ಬೇರೆಯವರು ಮುಟ್ಟಿದ್ದನ್ನು ಕುಡಿಯುವುದಿಲ್ಲ ಎಂದು ಓದಿದ್ದೇನೆ. ನಿಮಗೂ ನಮ್ಮ ಗ್ಲಾಸು ಮೈಲಿಗೆಯೇ?"

ಹುಲಗಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಭುಜ ಕುಣಿಯುವ ಹಾಗೆ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ. ಶಿರಗುಪ್ಪಿಯ ಯಮನಪ್ಪನ ಮಗ ಮಡಿವಂತನಾಗಿಬಿಟ್ಟಿದ್ದ. ಹುಟ್ಟಿದಂದಿನಿಂದ ಎಷ್ಟೋ ಥರದ ಆಪಾದನೆ ಕೇಳಿದ್ದರು, ಇಂಥದ್ದನ್ನು ಮಾತ್ರ ಯಾರೂ ಅವರ ಮೇಲೆ ಹೊರಿಸಿರಲಿಲ್ಲ. ಬಾಯಾರು ಗಾಬರಿಯಾಗಿ ಗೌಸಮೊದ್ದೀನರನ್ನು ಕೂಗಿದರು. ಅವರು ಗಡ್ಡ ಒರೆಸಿಕೊಳ್ಳುತ್ತ ಓಡಿ ಬಂದರು.

"ಏನಾತ್ರಿ, ಮಾಸ್ತರ?"

"ಈ ಬಾಯಾರು ನನಗ ಭಟ್ಟರ ಮಾಡ್ಯಾರ, ಗೌಸಭಾಯಿ," ಎಂದು ಹೇಳಿ ಹುಲಗಪ್ಪನವರು ಮತ್ತೆ ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಎದ್ದರು. "ಸಾಕಿನ್ನ. ಎಲ್ಲಾರಿಗೂ ಹೇಳಿಬಿಡ್ತೇನಿ."

ಎಲ್ಲರೂ ಬಸ್ಸು ಹತ್ತಿ ಕೂತಿದ್ದರು.  ಡ್ರೈವರ್ ಟೋನಿ ಊರುಗಳ ಹೆಸರು ಹೇಳಲು ಇಟ್ಟುಕೊಂಡಿದ್ದ ಮೈಕನ್ನು ಹುಲಗಪ್ಪನವರು ಕೇಳಿ ತೆಗೆದುಕೊಂಡರು. ಶಾಲೆಯಲ್ಲಿ ಹುಡುಗರ ಮುಂದೆ ನಿಲ್ಲುವಂತೆ ನಿಂತು, ತಮಗೆ ಬರುವಷ್ಟು ಜರ್ಮನ್ನಿನಲ್ಲಿ ಹೇಳಿದರು. ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ನನ್ನ ಹೊಟ್ಟೆ ಕಪುಟ್ ಅಲ್ಲ. ಅದು ಸುಳ್ಳು. ನಾನು ಹೇಳಲಿಲ್ಲ, ಆದರೆ ಸುಮ್ಮನೆ ಕೂತೆ. ಅದೂ ಸುಳ್ಳೇ. ನಾನು ಸಣ್ಣವನಿದ್ದಾಗ ನಮ್ಮ ಊರಲ್ಲಿ ಚಹಾದ ಅಂಗಡಿಯೊಳಗೆ ನಮ್ಮ ಜನ ಹೋಗುವ ಹಾಗಿಲ್ಲ. ಹೊರಗೆ ನಮ್ಮದೇ ಒಂದು ತಗಡಿನ ಬಟ್ಟಲು. ನಾವೇ ತೊಳೆಯಬೇಕು. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಇವತ್ತು ಬೆಳಗಿನಿಂದ ನೀವೆಲ್ಲ ಗ್ಲಾಸು ಹಿಡಿದು ನನ್ನ ಹಿಂದೆ ಬರುತ್ತೀರಿ. ನಾನು ಓಡುತ್ತೇನೆ. ನಮ್ಮ ಅವ್ವ ನೋಡಿದರೆ ನಗುತ್ತಾಳೆ. ನಮ್ಮ ಅಪ್ಪ ಕುಡಿದ. ಬಹಳ ಕುಡಿದ, ಸತ್ತ. ನಾನು ಕುಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನಿಮ್ಮ ಗ್ಲಾಸು ಸ್ವಚ್ಛ. ನನ್ನ ಹೊಟ್ಟೆ ಸ್ವಚ್ಛ. ಈಗ ಪೂರಾ ಖಾಲಿ."

 ಆಮೇಲೆ ಬ್ರಾಯರ್ ಮುದುಕ, ಆತ ಏನು ಹೇಳಿದ ಎಂದು ಪಕ್ಕದವರನ್ನು ಕೇಳಿದ. ಹೊಟ್ಟೆ ಖಾಲಿಯಂತೆ ಎಂದು ಅವರು ಅವನ ಕಿವಿಯಲ್ಲಿ ಕೂಗಿದರು. ಮತ್ತೆ ಖಟ್ ಖಟ್ ಎಂದು ಕೈಚೀಲಗಳು ತೆರೆದವು. ಈ ಸಲ ಔಷಧ ಬರಲಿಲ್ಲ. ಪ್ಲಮ್ ಹಣ್ಣಿನ ಕೇಕು ಬಂತು, ಬೆಣ್ಣೆ ಹಚ್ಚಿದ ಬ್ರೆಡ್ಡು ಬಂತು, ಚೀಜಿನ ತುಂಡು, ಸೇಬು, ಉಪ್ಪು ಹಾಕಿದ ಸೌತೆಕಾಯಿ ಬಂತು. ಕಷಾಯದ ಅಜ್ಜಿ ಸೀಸೆಯನ್ನು ಚೀಲದ ತಳಕ್ಕೆ ತುರುಕಿ, ಸಕ್ಕರೆ ಬಿಸ್ಕೀಟಿನ ಪೂರಾ ಡಬ್ಬಿಯನ್ನೇ ಅವರ ತೊಡೆಯ ಮೇಲಿಟ್ಟಳು. ಬಾಯಾರು ಬೇಯಿಸಿದ ತತ್ತಿಯೊಂದನ್ನು ಸುಲಿದು ಅವರ ಅಂಗೈಯಲ್ಲಿ ಇಟ್ಟರು. ಆಮೇಲೆ ತಾವು ಕಾಫಿ ಕುಡಿಯುತ್ತಿದ್ದ ಥರ್ಮಾಸಿನ ಮುಚ್ಚಳದಲ್ಲೇ ಇನ್ನಷ್ಟು ಕಾಫಿ ಬಗ್ಗಿಸಿ ಮುಂದೆ ಹಿಡಿದರು. ಹುಲಗಪ್ಪನವರು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಬಹಳ ಕಹಿ ಇತ್ತು, ಆದರೂ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ಸುಳ್ಳು ಯಾರದೆಂದು ಆಗ ಎಲ್ಲರೂ ಗೌಸಮೊದ್ದೀನರ ಕಡೆ ತಿರುಗಿದರು. ಹೆಣ್ಣುಮಕ್ಕಳೆಲ್ಲ ಕೂಡಿ ಅವರಿಗೆ ಕೇಕು ಕೊಡಬಾರದೆಂದು ತೀರ್ಪು ಮಾಡಿದರು. ಎರಡು ಮೀನು ತಿಂದವನಿಗೆ ಇದೇನು ದೊಡ್ಡ ಶಿಕ್ಷೆ ಎಂದು ಹುಲಗಪ್ಪನವರು ಅದನ್ನೂ ಮೈಕಿನಲ್ಲೇ ಹೇಳಿದರು. ಗ್ಲಾಸಿನೊಳಗಿನ ಸದ್ದು ಕೇಳಿ ತಾವು ಕೈ ಅಡ್ಡ ಹಿಡಿದದ್ದೆಂದು ಹುಲಗಪ್ಪನವರು ಬೆಳೆಗಾರನಿಗೂ ತಿಳಿಸಿದರು. ಅವನು ಬಸ್ಸಿನೊಳಗೆ ಹತ್ತಿ ಬಂದು, ತಮ್ಮ ಊರಿನಲ್ಲಿ ಆ ಹುಳಿಯೇರಿದ್ದನ್ನೂ ರಸವೆಂದೇ ಕರೆಯುತ್ತಾರೆ, ತಪ್ಪು ತಿಳಿಯಬಾರದು ಎಂದು ಹೇಳಿ, ಬಳ್ಳಿಯಿಂದ ಆಗಷ್ಟೇ ಕತ್ತರಿಸಿದ ಗೊಂಚಲುಗಳ ಒಂದು ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟು ಹೋದ. ಇವು ಸದ್ದು ಮಾಡುವುದಿಲ್ಲ ಎಂದು ಬಾಗಿಲಲ್ಲಿ ತಿರುಗಿ ಹೇಳಿದ.

ತಿರುಗಿ ಬರುವಾಗ ಎಲ್ಲರೂ ಹಾಡಿದರು. ಕೊನೆಗೆ ಹುಲಗಪ್ಪನವರೂ ಒಂದು ಹಾಡಬೇಕೆಂದು ಹಟ ಹಿಡಿದರು. ಅವರಿಗೆ ಬರುತ್ತಿದ್ದುದು ಒಂದೇ, ಉಡಚವ್ವ ಹೊಲದಲ್ಲಿ ಕಳೆ ತೆಗೆಯುವಾಗ ಹೇಳುತ್ತಿದ್ದ ಪದ. ಸಾಲು ಉದ್ದ, ಬಿಸಿಲು ಕೆಟ್ಟದ್ದು, ಗೌಡ ಒಳ್ಳೆಯವನಲ್ಲ ಎಂಬ ಅರ್ಥದ ಪದ. ಅವರು ಎತ್ತಿದರು, ಗೌಸಮೊದ್ದೀನರು ಬಿಸ್ಕೀಟಿನ ಖಾಲಿ ಡಬ್ಬಿ ಬಾರಿಸಿದರು. ಎರಡನೆಯ ನುಡಿಗೆ ಬಸ್ಸಿನವರೆಲ್ಲ ಒಬ್ಬರ ತೋಳಿಗೊಬ್ಬರು ತೋಳು ಹಾಕಿ ಎಡಕ್ಕೂ ಬಲಕ್ಕೂ ತೂಗತೊಡಗಿದರು. ಬಾಯಾರ ತೋಳು ಹುಲಗಪ್ಪನವರ ತೋಳಿನಲ್ಲಿ, ಬ್ರಾಯರ್ ಮುದುಕನದು ಗೌಸಮೊದ್ದೀನರ ತೋಳಿನಲ್ಲಿ. ಇದು ಭಾರತದ ಬಹಳ ಆನಂದದ ಹಾಡು ಎಂದು ಮುದುಕ ಇಳಿಯುವಾಗಲೂ ಹೇಳುತ್ತಿದ್ದ. ಆ ಹಾಡಿನ ಅರ್ಥ ಹೇಳಿ ಅವನ ಸಂತೋಷ ಕೆಡಿಸಲು ಹುಲಗಪ್ಪನವರಿಗೆ ಮನಸ್ಸಾಗಲಿಲ್ಲ. ಅವನು ಕೇಳಲೂ ಇಲ್ಲ, ಆದ್ದರಿಂದ ಸುಳ್ಳಿನ ಪ್ರಶ್ನೆ ಬರಲಿಲ್ಲ.

ಮರುವರ್ಷದ ಬೇಸಿಗೆಗೆ ಇಬ್ಬರೂ ಹುಬ್ಬಳ್ಳಿಗೆ ಬಂದರು. ಹುಲಗಪ್ಪನವರು ಮೊದಲ ಊಟಕ್ಕೇ ಕೂತು ಈ ಸುದ್ದಿಯನ್ನೆಲ್ಲ ಹೆಂಡತಿಗೆ ಹೇಳಿದರು. ಮೈಕಿನ ಮಾತು ಬಂದಾಗ ಶೇವಂತೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಆ ಬಾಯಾರ ಮನ್ಯಾಗ ಒಬ್ಬರ ಇರ್ತಾರೇನ್ರಿ?"

"ಒಬ್ಬರ."

"ಉಪ್ಪಿಲ್ಲದ ಗಂಜಿ ಮಾಡಾವ್ರು, ಏನ ತಿಂತಾರೋ ಏನೋ," ಎಂದಳು. ಆ ವರ್ಷ ಅದೇ ಶಾಲೆಯಿಂದ ಸಿದ್ದಪ್ಪ ಎಂಬ ಇನ್ನೊಬ್ಬ ಮಾಸ್ತರರು ತರಬೇತಿಗೆ ಹೊರಟಿದ್ದರು, ಅದೇ ಮಾಳಿಗೆಯ ಕೋಣೆಗೆ. ಶೇವಂತೆವ್ವ ಅವರ ಕೈಯಲ್ಲಿ ಒಂದು ದೊಡ್ಡ ಡಬ್ಬಿ ಶೇಂಗಾ ಚಟ್ನಿ ಪುಡಿ ಕಳಿಸಿದಳು, ಬ್ಯಾಡಗಿ ಮೆಣಸಿನಕಾಯಿಯದು, ಬೆಳ್ಳುಳ್ಳಿ ಧಾರಾಳ ಹಾಕಿ ಕುಟ್ಟಿದ್ದು. ಬಾಯಾರು ಅದನ್ನು ಮೊದಲು ಕೇಕಿನ ಮೇಲೆ ಉದುರಿಸಿಕೊಂಡರಂತೆ. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರಂತೆ. ಆಮೇಲೆ ಸಂಘದವರ ಮುಂದೆ ಡಬ್ಬಿ ಇಟ್ಟರು, ಬೇಯಿಸಿದ ಬಟಾಟಿಯ ಜೊತೆ ಅವರೆಲ್ಲ ಒಂದೇ ಕೂಟದಲ್ಲಿ ಅದನ್ನು ಖಾಲಿ ಮಾಡಿದರು ಎಂದು ಸಿದ್ದಪ್ಪನವರು ಬಂದು ಹೇಳಿದರು. ಡಬ್ಬಿಯನ್ನು ಬಾಯಾರು ಬರಿದೇ ತಿರುಗಿ ಕಳಿಸಿರಲಿಲ್ಲ. ಅದರ ತುಂಬ ಒಣದ್ರಾಕ್ಷಿ ಇತ್ತು.